ಅಕ್ಕನ ಮನೆಯ ಗೋಬರ್ ಗ್ಯಾಸು

ಅಪ್ಪ ತೀರಿಕೊಂಡ ಇಪ್ಪತ್ತೆರಡನೆಯ ದಿನ ನಾನು ಅಪ್ರೆಂಟಿಸ್ ಆಗಿ ಕೆಲಸಕ್ಕೆ ಸೇರಿದೆ. ಆರ್ಡರಿನಲ್ಲಿ ಸೇರಬೇಕಾದ ತಾರೀಖು ಟೈಪಾಗಿತ್ತು, ಆ ತಾರೀಖಿಗೆ ಹೋದೆ, ಅಷ್ಟೆ. ಬೋಳಿಸಿದ ತಲೆಯ ಮೇಲೆ ಕೂದಲು ಆಗತಾನೆ ಮುಳ್ಳುಮುಳ್ಳಾಗಿ ಎದ್ದಿತ್ತು. ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ಗಾಡಿ ಹತ್ತಿದಾಗ ಹಾಲಿನವರು ಕ್ಯಾನುಗಳನ್ನು ಸರಿಸಿ ಜಾಗ ಮಾಡಿಕೊಟ್ಟರು. ಅಪ್ಪನೂ ಅವರಲ್ಲೊಬ್ಬನಾಗಿ ಅದೇ ಗಾಡಿಯಲ್ಲಿ ರಾಬರ್ಟ್‌ಸನ್‌ಪೇಟೆಗೆ ಹಾಲು ಕೊಂಡೊಯ್ಯುತ್ತಿದ್ದ. ಅವರಲ್ಲಿ ವಯಸ್ಸಾದವರೊಬ್ಬರು ನನ್ನ ಭುಜದ ಮೇಲೆ ಕೈಯಿಟ್ಟು ಅಪ್ಪನ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿದರು. ನನಗೆ ಏನೂ ಅನ್ನಿಸಲಿಲ್ಲ. ಕಿಟಕಿಯ ಪಕ್ಕ ಜಾಗ ಸಿಕ್ಕಿತಲ್ಲ ಎಂದು ಕೂತೆ.

ಏನೂ ಅನ್ನಿಸದೆ ಇರುವುದೇ ಆಗ ನನ್ನ ನಿತ್ಯದ ಸ್ಥಿತಿಯಾಗಿತ್ತು. ಹೆಣ ಎತ್ತಿದಾಗಲೂ ಅಳು ಬರಲಿಲ್ಲ, ತಿಥಿಯ ದಿನವೂ ಬರಲಿಲ್ಲ. ಊರಿನವರು ಗಂಡುಮಗ, ಗಟ್ಟಿ ಮನಸ್ಸಿನವನು ಎಂದು ಹೊಗಳಿದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಹಲ್ಲು ಕೀಳುವ ಡಾಕ್ಟರು ಸೂಜಿ ಚುಚ್ಚಿದ ಮೇಲೆ ಕೆನ್ನೆ ನಮ್ಮದಲ್ಲ ಅನ್ನಿಸುತ್ತದಲ್ಲ, ಹಾಗೆ ಇಡೀ ಮೈ ಇತ್ತು. ಊಟ ಬಡಿಸಿದರೆ ಉಣ್ಣುತ್ತಿದ್ದೆ, ಬಡಿಸದಿದ್ದರೆ ಕೇಳುತ್ತಿರಲಿಲ್ಲ. ಅಮ್ಮ ಒಂದೆರಡು ಸಲ ನನ್ನ ಮುಖವನ್ನೇ ದಿಟ್ಟಿಸಿ ನೋಡಿದಳು. ಇದನ್ನೆಲ್ಲ ಮೊದಲೇ ಹೇಳುತ್ತಿರುವುದು ನೆಪ ಹುಡುಕುವುದಕ್ಕಲ್ಲ. ಮುಂದೆ ನಾನು ಮಾಡಿದ ಕೆಲಸಕ್ಕೆ ಇದು ಕಾರಣ ಹೌದು, ಆದರೆ ಸಮಜಾಯಿಷಿ ಅಲ್ಲ.

ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ನಮ್ಮ ಕಡೆ ಅದನ್ನು ಓದಿದವರ ಕಣ್ಣೆಲ್ಲ ಚಿನ್ನದ ಗಣಿಯ ವರ್ಕ್‌ಶಾಪಿನ ಮೇಲೆ. ಆದರೆ ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಹೊಸಬರಿಗೆ ಅಲ್ಲಿ ಜಾಗವಿಲ್ಲ ಎನ್ನುವ ಮಾತು ಎಲ್ಲರ ಬಾಯಲ್ಲೂ ಇತ್ತು. ಕಂಡಕಂಡಲ್ಲಿಗೆ ಅರ್ಜಿ ಹಾಕಿದೆ. ಉತ್ತರ ಬಂದದ್ದು ಗೋಬರ್ ಗ್ಯಾಸ್ ಯೋಜನೆಯ ಕಚೇರಿಯಿಂದ. ಈಗ ಅದನ್ನೆಲ್ಲ ನವೀಕರಿಸಬಹುದಾದ ಇಂಧನ ಎಂದು ಗೌರವದಿಂದ ಕರೆಯುತ್ತಾರೆ, ಕಾಲೇಜುಗಳಲ್ಲಿ ಅದಕ್ಕೊಂದು ವಿಭಾಗವೇ ಇರುತ್ತದೆ. ಆಗ ಅದು ಬರೀ ಸಗಣಿ. ಜೊತೆಯಲ್ಲಿ ಓದಿದವರು ನನಗೆ ಸಗಣಿ ಇಂಜಿನಿಯರ್ ಎಂದು ಹೆಸರಿಟ್ಟರು. ನನಗೆ ಮೂಗಿನ ತುದಿಯಲ್ಲೇ ಕೋಪ, ಬೇರೆ ಕಾಲದಲ್ಲಾಗಿದ್ದರೆ ಕಾಲರ್ ಹಿಡಿಯುತ್ತಿದ್ದೆ. ಆಗ ನಕ್ಕುಬಿಟ್ಟೆ. ಆ ನಗು ನೋಡಿ ಅವರೇ ಪೆಚ್ಚಾದರು.

ರಾಬರ್ಟ್‌ಸನ್‌ಪೇಟೆಯ ಒಂದು ಬಟ್ಟೆ ಅಂಗಡಿಯ ಮಹಡಿ ಮೇಲಿನ ಎರಡು ಕೋಣೆ ನಮ್ಮ ಕಚೇರಿ. ಸೂಪರ್‌ವೈಸರ್ ಸಣ್ಣ ದನಿಯ ಮನುಷ್ಯ, ಸಿಟ್ಟು ಮಾಡಿದ್ದನ್ನು ನಾನು ಕಂಡಿಲ್ಲ. ನಾವೆಲ್ಲ ಅವರನ್ನು ಸಾಹೇಬರು ಎನ್ನುತ್ತಿದ್ದೆವು. ಮೊದಲ ದಿನ ಅವರು ಸೀಮೆಸುಣ್ಣ ಹಿಡಿದು ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂತು ಚಿತ್ರ ಬರೆದು ತೋರಿಸಿದರು. ನೆಲದೊಳಗೆ ಬಾವಿಯಂಥ ಗುಂಡಿ, ಸುತ್ತ ಇಟ್ಟಿಗೆ ಗೋಡೆ, ಮೇಲೆ ಇಟ್ಟಿಗೆಯದೇ ಗುಮ್ಮಟ. ಒಂದು ಪಕ್ಕದ ತೊಟ್ಟಿಯಲ್ಲಿ ಸಗಣಿಗೆ ನೀರು ಸೇರಿಸಿ ಕಲಸಿ ಒಳಗೆ ಬಿಡಬೇಕು, ಹಳೆಯದು ಇನ್ನೊಂದು ಪಕ್ಕದಿಂದ ಗೊಬ್ಬರವಾಗಿ ಹೊರಗೆ ಬರುತ್ತದೆ. ಒಳಗೆ ಹುಟ್ಟಿದ ಗ್ಯಾಸು ಗುಮ್ಮಟದಲ್ಲಿ ನಿಂತು ಪೈಪಿನಲ್ಲಿ ಅಡಿಗೆಮನೆಗೆ ಹೋಗುತ್ತದೆ. ಎಲ್ಲದರ ಜೀವ ಇರುವುದು ಗುಮ್ಮಟದ ಒಳಮೈಗೆ ಮಾಡುವ ಗಿಲಾವಿನಲ್ಲಿ ಎಂದರು. ನೀರು ಸೋರದ ಗೋಡೆಯಲ್ಲೂ ಗ್ಯಾಸು ಸೋರುತ್ತದೆ, ಅದಕ್ಕೇ ಗಿಲಾವಿನ ಮರಳು ಚೆನ್ನಾಗಿ ತೊಳೆದ ಹೊಳೆಮರಳೇ ಆಗಬೇಕು ಎಂದು ಹೇಳಿ, ಅದನ್ನು ನನ್ನ ಪುಸ್ತಕದಲ್ಲಿ ಬರೆಸಿ ಕೆಳಗೆ ಗೆರೆ ಎಳೆಸಿದರು. ಸ್ಕೇಲು ಇಟ್ಟು ನೀಟಾಗಿ ಎಳೆದೆ.

ಮೂರು ತಿಂಗಳು ಅವರ ಸೈಕಲ್ಲಿನ ಹಿಂದೆ ನನ್ನ ಸೈಕಲ್ಲು. ಗುಂಡಿ ಅಳೆಯುವುದು, ಇಟ್ಟಿಗೆ ತಟ್ಟಿ ಸದ್ದು ಕೇಳುವುದು, ಪೈಪಿನ ಜಾಯಿಂಟುಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೋ ನೋಡುವುದು. ಕೆಲಸ ಕಷ್ಟವಿರಲಿಲ್ಲ. ಮನಸ್ಸು ಬೇಡದ ಕೆಲಸ, ಕೈ ಸಾಕು. ಆಮೇಲೆ ಅವರು ನಿಯಮ ಹೇಳಿದರು: ಅಪ್ರೆಂಟಿಸ್ ಆದವನು ಒಂದು ಪ್ಲಾಂಟನ್ನು ಗುಂಡಿ ತೆಗೆಸುವುದರಿಂದ ಹಿಡಿದು ಒಲೆ ಉರಿಸುವವರೆಗೆ ಒಬ್ಬನೇ ನಿಂತು ಮಾಡಿಸಬೇಕು, ಮನೆಯನ್ನೂ ಅವನೇ ಹುಡುಕಿಕೊಳ್ಳಬೇಕು. ಸಾಹೇಬರು ಬರುವುದು ಮೊದಲ ಉರಿ ನೋಡುವುದಕ್ಕೆ ಮಾತ್ರ. ಅದು ಉರಿದರೆ ತರಬೇತಿ ಪಾಸು.

ಹಳ್ಳಿಗಳಲ್ಲಿ ಕೇಳಿದೆ. ಸಗಣಿಯ ಉರಿಯಲ್ಲಿ ಬೇಯಿಸಿದ್ದನ್ನು ದೇವರಿಗೆ ಎಡೆ ಇಡುವುದು ಹೇಗೆ ಎಂದು ಒಂದು ಮನೆಯಲ್ಲಿ, ತಿಪ್ಪೆಗೆ ಗೊಬ್ಬರ ಸಾಲದೆ ಹೋದರೆ ಹೊಲಕ್ಕೆ ಏನು ನಿನ್ನ ತಲೆ ಹಾಕುವುದಾ ಎಂದು ಇನ್ನೊಂದು ಮನೆಯಲ್ಲಿ. ಕಡೆಗೆ ಅಕ್ಕನ ಮನೆಗೆ ಹೋದೆ.

ಅಕ್ಕನನ್ನು ಕೊಟ್ಟಿದ್ದ ಊರು ಬಂಗಾರಪೇಟೆಗೂ ಗಣಿಗೂ ನಡುವೆ, ರೈಲಿಳಿದು ಅರ್ಧ ಗಂಟೆ ನಡೆಯಬೇಕು. ಎರಡು ಎಮ್ಮೆ, ಒಂದು ಜೊತೆ ಎತ್ತು, ಒಂದು ಸೀಮೆಹಸು ಇದ್ದ ಮನೆ. ಭಾವ ಒಳ್ಳೆಯವನು, ಸ್ವಲ್ಪ ಹುರುಪಿನ ಆಸಾಮಿ, ಹೊಸದು ಏನು ಕಂಡರೂ ಮೊದಲು ನಮ್ಮ ಮನೆಗೆ ಬರಲಿ ಅನ್ನುವವನು. ಮನೆ ನಡೆಯುತ್ತಿದ್ದದ್ದು ಅವನ ತಾಯಿಯ ಮಾತಿನಲ್ಲಿ. ಅವರು ಕೆಟ್ಟವರಲ್ಲ, ಆದರೆ ಒಂದು ಸಲ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡವರೇ ಅಲ್ಲ. ಅಕ್ಕ ಮದುವೆಯಾಗಿ ಎರಡು ವರ್ಷವಾದರೂ ಆ ಮನೆಯಲ್ಲಿ ಒಂದು ಉಪ್ಪಿನಕಾಯಿ ಜಾಡಿಯ ಜಾಗವನ್ನೂ ಬದಲಾಯಿಸಿರಲಿಲ್ಲ. ಅಂಥವಳು ನನಗಾಗಿ ಅತ್ತೆಯ ಮುಂದೆ ನಿಂತು ಬಾಯಿ ಬಿಟ್ಟು ಕೇಳಿದಳು. ನನ್ನ ತಮ್ಮ ಕಟ್ಟಿಸುತ್ತಾನೆ, ಉರಿಯುತ್ತದೆ, ನಾನು ಹೊಣೆ ಎಂದಳು. ಆಗಲಿ, ಹೊಣೆ ನಿನ್ನದೇ ಎಂದರು ಅತ್ತೆ.

ಅಂದರೆ ಆ ಗ್ಯಾಸು ಉರಿಯದಿದ್ದರೆ ಅಕ್ಕ ಆ ಮನೆಯಲ್ಲಿ ಬಾಳುವಷ್ಟು ಕಾಲ ಕೇಳಿಸಿಕೊಳ್ಳಬೇಕು. ಅಪ್ಪ ಇಲ್ಲ, ತವರಿನ ಕಡೆಯಿಂದ ಅವಳ ಪರವಾಗಿ ನಿಲ್ಲಬೇಕಾದ ಗಂಡಸು ಅಂದರೆ ನಾನೊಬ್ಬನೇ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರುವುದಕ್ಕೂ ಮನಸ್ಸಿಗೆ ತಾಗುವುದಕ್ಕೂ ಎಷ್ಟು ದೂರವಿರಬಹುದು ಎಂದು ಆ ವರ್ಷ ಕಲಿತೆ.

ಹುಲ್ಲಿನ ಬಣವೆ ಹಾಕುತ್ತಿದ್ದ ಜಾಗವನ್ನು ಬಿಟ್ಟುಕೊಟ್ಟರು. ಗುಂಡಿ ಆಯಿತು, ಗೋಡೆ ಎದ್ದಿತು, ಗುಮ್ಮಟ ಕೂತಿತು. ಕಟ್ಟಿದವರು ರಾಬರ್ಟ್‌ಸನ್‌ಪೇಟೆಯಿಂದ ಬರುತ್ತಿದ್ದ ಮೇಸ್ತ್ರಿ, ಅವರ ಮನೆಮಾತು ತಮಿಳು, ನಮ್ಮ ಜೊತೆ ಕನ್ನಡವನ್ನು ತಮಿಳಿನಲ್ಲಿ ಅದ್ದಿ ಮಾತಾಡುತ್ತಿದ್ದರು. ಕೆಲಸ ಮಾತ್ರ ಕಣ್ಣಿಗೆ ಒತ್ತಿಕೊಳ್ಳುವಂಥದ್ದು. ಗೋಡೆ ಗುಮ್ಮಟಕ್ಕೆ ಮರಳು ಸಾಕಾಯಿತು, ಒಳಗಿಲಾವಿಗೆ ಬರುವಷ್ಟರಲ್ಲಿ ಮುಗಿಯಿತು. ಹೊಳೆಮರಳು ಬೇಕೆಂದರೆ ಪಾಲಾರಿನ ತನಕ ಎರಡು ದಿನ ಗಾಡಿ ಓಡಬೇಕು. ಅದು ಬಿತ್ತನೆಯ ಹೊತ್ತು. ಮರುದಿನ ನಾನು ಹೋದಾಗ ಭಾವ ಗಾಡಿಯ ತುಂಬ ಮರಳು ತಂದು ಸುರಿದು ಬೀಗುತ್ತ ನಿಂತಿದ್ದ. ನೋಡಿದರೆ ಗುಡ್ಡದ ಮರಳು.

ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಪುಡಿಯನ್ನು ತಲೆಮಾರುಗಳ ಕಾಲ ಸುರಿದು ಸುರಿದು ಎದ್ದ ಗುಡ್ಡಗಳು ಗಣಿಯ ಸುತ್ತ ಇವೆ. ನಮ್ಮವರು ಸೈನೈಡ್ ಗುಡ್ಡ ಎನ್ನುತ್ತಾರೆ. ರಾಗಿಹಿಟ್ಟಿನಷ್ಟು ನಯವಾದ ಮರಳು, ಅದರ ಮೇಲೆ ಹುಲ್ಲು ಕೂಡ ಸರಿಯಾಗಿ ಹುಟ್ಟುವುದಿಲ್ಲ. ಹಾಗಂತ ಸುತ್ತಲಿನ ಹಳ್ಳಿಯವರು ಬಿಡುತ್ತಾರೆಯೇ? ಕಾವಲಿನವರ ಕಣ್ಣು ತಪ್ಪಿಸಿ ಗಾಡಿಯಲ್ಲಿ ತುಂಬಿ ತಂದು ಅಂಗಳಕ್ಕೆ, ಕೊಟ್ಟಿಗೆಗೆ ಹಾಸುವುದು ರೂಢಿ. ಹತ್ತಿರ ಸಿಗುವ ಮರಳನ್ನು ಬಿಟ್ಟು ಹೊಳೆಗೆ ಹೋಗುವವನನ್ನು ಪೆದ್ದ ಎನ್ನುತ್ತಿದ್ದರು. ಭಾವನಿಗೆ ಅದು ಎರಡು ದಿನ ಉಳಿಸಿದ ಜಾಣತನ.

ಮೇಸ್ತ್ರಿ ಒಂದು ಹಿಡಿ ಮರಳು ತೆಗೆದು ನೀರು ಹಾಕಿ ಅಂಗೈಯಲ್ಲಿ ಉಜ್ಜಿದರು, ಮೂಸಿ ನೋಡಿದರು, ಕೊಡವಿದರು. ಭಾವ ಎತ್ತಿಗೆ ನೀರು ಕುಡಿಸಲು ಆಚೆ ಹೋಗಿದ್ದ. ಅವರು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು.

"ಇದು ವೇಣಾಂ ತಂಬಿ. ಇದ್ರಲ್ಲಿ ಉಪ್ಪಿದೆ. ಒಣಗಿದ್ಮೇಲೆ ಬೆಳ್ಳಗೆ ಆಗಿ ಉದುರ್ತದೆ. ನೀನು ಒಂದು ಮಾತು ಹೇಳಿದ್ರೆ ಅವರು ಬೇರೆ ತರ್ತಾರೆ."

ನಾನು ಆ ಮರಳಿನ ಗುಡ್ಡೆಯನ್ನು ನೋಡಿದೆ. ಗೆರೆ ಎಳೆದ ಸಾಲು ನೆನಪಾಯಿತು. ಭಾವನನ್ನು ಕರೆದು ಬೇಡ ಎನ್ನಬೇಕು, ಅವನ ಮುಖ ಸಣ್ಣದಾಗುವುದನ್ನು ನೋಡಬೇಕು, ಮತ್ತೆ ಎರಡು ದಿನ ಕಾಯಬೇಕು, ಸಾಹೇಬರಿಗೆ ತಡವೇಕೆ ಎಂದು ಹೇಳಬೇಕು. ಇಷ್ಟೇ. ಇವತ್ತು ನೆನೆಸಿಕೊಂಡರೆ ಕೈಕಾಲು ಇರುವ ಯಾವ ಮನುಷ್ಯನೂ ಮಾಡಬಹುದಾದ ಕೆಲಸ. ಅವತ್ತು ಅಷ್ಟು ಮಾತಾಡುವುದು ನನ್ನಿಂದ ಆಗದು ಅನ್ನಿಸಿತು. ಆಗುತ್ತೆ ಹಾಕಿ ಎಂದೆ. ಮೇಸ್ತ್ರಿ ಇನ್ನೊಮ್ಮೆ ಕೇಳಲಿಲ್ಲ. ಇಂಜಿನಿಯರು ನಾನಲ್ಲವೇ.

ಗಿಲಾವು ಒಣಗಿದ ಮೇಲೆ ಮೊದಲ ತುಂಬಣಿ. ಅಷ್ಟು ದೊಡ್ಡ ಗುಂಡಿಗೆ ಒಂದು ಮನೆಯ ಸಗಣಿ ತಿಂಗಳಾದರೂ ಸಾಲದು. ಕುಯ್ಲಿಗೆ, ನಾಟಿಗೆ ಆಳು ಕಳಿಸಿ ತೀರಿಸಿಕೊಳ್ಳುವ ಹಾಗೆ ಊರಿನ ಮನೆಗಳವರು ಮುಯ್ಯಿಗೆ ಸಗಣಿ ಕೊಟ್ಟರು. ಬೆಳಿಗ್ಗೆಯೆದ್ದು ಹೆಂಗಸರು ಮಂಕರಿ ಹೊತ್ತು ಸಾಲಾಗಿ ಬಂದರು, ಕೀಟಲೆ ಮಾಡಿಕೊಂಡು, ಇದರಲ್ಲಿ ನಮ್ಮ ಎಮ್ಮೆಯದು ಯಾವುದು ಎಂದು ಉರಿ ನೋಡಿ ಹೇಳುತ್ತೇವೆ ಎಂದು ನಗುತ್ತ. ತೊಟ್ಟಿಯಲ್ಲಿ ಕಲಸುವ ಕೆಲಸ ಅಕ್ಕನದು. ಮೊಣಕೈ ತನಕ ಕೈ ಇಳಿಸಿ ಹುಲ್ಲುಕಡ್ಡಿ ಆರಿಸಿ, ಗಂಟು ಒಡೆದು, ನೀರು ಸೇರಿಸಿ ಒಳಗೆ ಬಿಡುತ್ತಿದ್ದಳು. ದಿನಾ, ಒಂದು ದಿನವೂ ತಪ್ಪದೆ. ಅವಳು ಅಷ್ಟು ಸಂತೋಷವಾಗಿದ್ದದ್ದನ್ನು ಅಪ್ಪ ಹೋದ ಮೇಲೆ ನಾನು ಕಂಡಿರಲಿಲ್ಲ. ಕಂಡು ನನಗೂ ಸಂತೋಷವಾಗಬೇಕಿತ್ತು.

ಮೂರು ವಾರವಾಯಿತು. ಸಾಹೇಬರು ಬಂದರು. ಸಗಣಿ ಕೊಟ್ಟ ಮನೆಗಳವರೆಲ್ಲ ಅಂಗಳದಲ್ಲಿ ಸೇರಿದರು. ಅತ್ತೆ ಹೊಸ ಒಲೆಗೆ ಅರಿಶಿನ ಕುಂಕುಮ ಇಟ್ಟು, ಹೂ ಮುಡಿಸಿ, ಮೇಲೆ ಹಾಲಿನ ಪಾತ್ರೆ ಇಟ್ಟಿದ್ದರು. ಅಕ್ಕ ಹೊಸ ಸೀರೆ ಉಟ್ಟಿದ್ದಳು. ನನ್ನ ಕೈಗೆ ಬೆಂಕಿಪೊಟ್ಟಣ ಕೊಟ್ಟರು. ನಲ್ಲಿ ತಿರುಗಿಸಿ ಕಡ್ಡಿ ಗೀರಿದೆ. ಒಲೆ ಒಂದು ಸಲ ಪುಸ್ಸೆಂದಿತು, ಅಷ್ಟೆ. ಇನ್ನೊಂದು ಕಡ್ಡಿ, ಮತ್ತೊಂದು ಕಡ್ಡಿ. ಸಾಹೇಬರು ಪೈಪಿಗೆಲ್ಲ ಸೋಪಿನ ನೊರೆ ಹಚ್ಚಿಸಿದರು, ಎಲ್ಲೂ ಗುಳ್ಳೆ ಏಳಲಿಲ್ಲ. ಗೊಬ್ಬರ ಹೊರಬರುವ ಆಚೆ ಬಾಯಿಯಲ್ಲಿ ಸಗಣಿಯ ಮಟ್ಟ ಎಷ್ಟಿದೆ ನೋಡಿದರು. ಗ್ಯಾಸು ಒಳಗೆ ನಿಂತಿದ್ದರೆ ಅದು ಮೇಲೆ ಏರಿರಬೇಕು, ಏರಿರಲಿಲ್ಲ. ಸಾಹೇಬರು ಗುಮ್ಮಟದ ಕಡೆ ಒಂದು ಸಲ, ನನ್ನ ಕಡೆ ಒಂದು ಸಲ ನೋಡಿದರು. ನನಗೆ ಆಗಲೇ ತಿಳಿದುಹೋಗಿತ್ತು. ಮೇಸ್ತ್ರಿ ಬಾಗಿಲ ಬಳಿ ನಿಂತಿದ್ದವರು ತಲೆ ಬಗ್ಗಿಸಿದರು.

ಇಲ್ಲಿ ಒಂದು ವಿಷಯ ಹೇಳಬೇಕು. ಆ ಮನೆಗಳಲ್ಲಿ ಹೆಂಗಸರು ತಿಂಗಳಿಗೆ ಮೂರು ದಿನ ಹೊರಗೆ. ಅಡಿಗೆಮನೆ, ದೇವರಮನೆ, ಬಾವಿ ಯಾವುದನ್ನೂ ಮುಟ್ಟುವಂತಿಲ್ಲ, ಮಲಗುವುದು ಕೊಟ್ಟಿಗೆಯ ಮೂಲೆಯಲ್ಲಿ. ಆದರೆ ಕೊಟ್ಟಿಗೆ ಗುಡಿಸುವುದಕ್ಕೂ ಸಗಣಿ ಬಾಚುವುದಕ್ಕೂ ಅಡ್ಡಿಯಿರಲಿಲ್ಲ. ಆ ಸಗಣಿ ತಿಪ್ಪೆಗೆ ಹೋಗುವುದು, ತಿಪ್ಪೆಗೆ ಮೈಲಿಗೆ ಎಲ್ಲಿಯದು? ತಲೆತಲಾಂತರದಿಂದ ನಡೆದು ಬಂದ ಈ ಲೆಕ್ಕಾಚಾರದಲ್ಲಿ ನಾವು ಹೋಗಿ ಒಂದು ಪೈಪು ಹಾಕಿದ್ದೆವು. ಕೊಟ್ಟಿಗೆಯಿಂದ ಸೀದಾ ಅಡಿಗೆಮನೆಗೆ. ಇದು ನನ್ನ ತಲೆಗೂ ಹೊಳೆದಿರಲಿಲ್ಲ, ಸಾಹೇಬರ ತಲೆಗೂ ಹೊಳೆದಿರಲಿಲ್ಲ. ಅಕ್ಕನ ಅತ್ತೆಗೆ ಅಲ್ಲಿ, ಆ ಒಲೆಯ ಮುಂದೆ ಹೊಳೆಯಿತು.

ಅವರು ಕೂಗಾಡಲಿಲ್ಲ. ಹಾಲಿನ ಪಾತ್ರೆಯನ್ನು ಒಲೆಯಿಂದ ಇಳಿಸಿ ಕೆಳಗಿಟ್ಟು, ಸೊಸೆಯ ಕಡೆ ತಿರುಗಿದರು.

"ಓದ್ವಾರ ನೀನು ಒರಗಾಗಿದ್ಯಲ್ಲ. ಆಗ ತೊಟ್ಟಿ ಕಲ್ಸಿದ್ದು ಯಾರು?"

ಅಕ್ಕ ನಾನೇ ಎಂದಳು.

"ಮತ್ತೆ ಬೆಂಕಿ ಎಂಗೆ ಅತ್ಕತ್ತೈತೆ? ಮೈಲಿಗೆ ಎಲ್ಲಾ ಪೈಪಿನಾಗೆ ಬಂದು ಒಲೆಗೆ ಕುಂತೈತೆ."

ಅಂಗಳದಲ್ಲಿ ಹೆಂಗಸರು ಅಯ್ಯೋ ಎಂದು ಬಾಯಿಗೆ ಸೆರಗು ಹಿಡಿದರು. ಭಾವನ ಮುಖ ಇಷ್ಟಾಯಿತು. ಅಕ್ಕ ಎಲ್ಲರನ್ನೂ ಬಿಟ್ಟು ನನ್ನ ಕಡೆ ನೋಡಿದಳು. ನಾನು ಓದಿದವನು, ನನ್ನ ಬಾಯಿಂದ ಒಂದು ಮಾತು ಬಂದರೆ ಸಾಕು ಎಂದು. ಮರಳು ಎನ್ನುವ ಒಂದೇ ಮಾತು. ನಾನು ಸೋಪಿನ ಡಬ್ಬಿಯ ಮುಚ್ಚಳ ಹಾಕುತ್ತಿದ್ದೆ. ಮುಚ್ಚಳ ಸರಿಯಾಗಿ ಕೂರಲಿಲ್ಲ, ತೆಗೆದು ಮತ್ತೆ ಹಾಕಿದೆ. ಅವಳ ನೋಟ ನನಗೆ ಕಂಡಿತು, ತಾಗಲಿಲ್ಲ. ಅವಳು ಒಳಗೆ ಹೋದಳು.

ವಾಪಸು ಬರುವಾಗ ದಾರಿಯಲ್ಲಿ ಸಾಹೇಬರು ಸೈಕಲ್ ನಿಲ್ಲಿಸಿ ಯಾವ ಮರಳು ಎಂದು ಕೇಳಿದರು. ಹೇಳಿದೆ. ಯಾರು ತಂದದ್ದು, ಮೇಸ್ತ್ರಿ ಏನಂದರು, ನಾನು ಏನಂದೆ, ಎಲ್ಲ ಹೇಳಿದೆ. ಅವರ ಹತ್ತಿರ ಹೇಳುವುದು ಸುಲಭವಾಗಿತ್ತು. ಅವರು ಬೈಯಲಿಲ್ಲ. ಗುಂಡಿ ಬರಿದು ಮಾಡಿಸಿ ಗಿಲಾವು ಕಿತ್ತು ಹೊಸದಾಗಿ ಮಾಡಿಸು, ಮುಂದಿನ ತಿಂಗಳೊಳಗೆ ಉರಿಯಬೇಕು ಎಂದರು. ಆ ಊರಿನಲ್ಲಿ ಇನ್ನೂ ಐದಾರು ಮನೆಯವರು ಹೆಸರು ಕೊಟ್ಟಿದ್ದಾರೆ, ನಮ್ಮ ಹುಡುಗನೇ ಕೆಟ್ಟ ಮರಳು ಹಾಕಿಸಿದ ಎಂದು ಗೊತ್ತಾದರೆ ಒಬ್ಬರೂ ಕಟ್ಟಿಸುವುದಿಲ್ಲ, ಸುಮ್ಮನೆ ರಿಪೇರಿ ಎಂದು ಹೇಳು ಎಂದರು. ನನಗೆ ಅದೂ ಸರಿಯೆನ್ನಿಸಿತು. ಅಕ್ಕನ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೆಂಗಸರ ಮಾತು, ನಾಲ್ಕು ದಿನಕ್ಕೆ ಮರೆಯುತ್ತಾರೆ ಎಂದುಕೊಂಡೆವೋ ಏನೋ.

ಗುಂಡಿ ಬರಿದು ಮಾಡಿ, ಎರಡು ದಿನ ಗಾಳಿಯಾಡಲು ಬಿಟ್ಟು, ಮೇಸ್ತ್ರಿಯೂ ನಾನೂ ಒಳಗೆ ಇಳಿದೆವು. ಗುಮ್ಮಟದ ಒಳಮೈ ಬೆಳ್ಳಗೆ ಪುಡಿಪುಡಿಯಾಗಿತ್ತು, ಉಗುರಿನಲ್ಲಿ ಕೆರೆದರೆ ಹೆಕ್ಕಳೆ ಏಳುತ್ತಿತ್ತು. ಮೇಸ್ತ್ರಿ ಕೆರೆದದ್ದನ್ನು ಅಂಗೈಯಲ್ಲಿ ಹಿಡಿದು ನನಗೆ ತೋರಿಸಿದರು. ಗಿಲಾವೆಲ್ಲ ಕಿತ್ತೆವು. ಈ ಸಲ ಹೊಳೆಮರಳು ಕಚೇರಿಯಿಂದಲೇ ಬಂತು. ಮೇಸ್ತ್ರಿ ಅದನ್ನು ತಾವೇ ಮೂರು ನೀರಿನಲ್ಲಿ ತೊಳೆದರು. ಭಾವನಿಗೆ ಬೇರೆ ಮರಳೇಕೆ ಎನ್ನುವ ಯೋಚನೆ ಬಂದಂತಿರಲಿಲ್ಲ. ಅವನು ಮತ್ತೊಮ್ಮೆ ಮನೆಮನೆಗೆ ಹೋಗಿ ಸಗಣಿ ಕೇಳುವ ಅವಮಾನದಲ್ಲಿದ್ದ.

ಅದೇ ಹೊತ್ತಿಗೆ ಅತ್ತೆಯೂ ತಮ್ಮ ರಿಪೇರಿ ನಡೆಸಿದರು. ಐನೋರನ್ನು ಕರೆಸಿ ಪುಣ್ಯಾಹ ಮಾಡಿಸಿ, ತೊಟ್ಟಿಗೂ ಪೈಪಿಗೂ ಒಲೆಗೂ ಗಂಜಲ ಚಿಮುಕಿಸಿದರು. ಇನ್ನುಮೇಲೆ ಸೊಸೆ ತೊಟ್ಟಿ ಮುಟ್ಟಕೂಡದು, ತಾನೇ ಕಲಸುತ್ತೇನೆ ಎಂದರು. ಆ ಮೂರು ದಿನ ಕೊಟ್ಟಿಗೆಯಲ್ಲಿ ಮಲಗುವುದೂ ಬೇಡ, ಅಲ್ಲಿಂದ ತೊಟ್ಟಿ ಹತ್ತಿರ ಎಂದು, ಹಿತ್ತಲಿನಲ್ಲಿ ಗೋಡೆಗೆ ಒತ್ತಿ ಗರಿಯ ಒಂದು ಮಾಡು ಇಳಿಸಿದರು. ಒಬ್ಬ ಮನುಷ್ಯ ಕಾಲು ಮಡಚಿ ಮಲಗುವಷ್ಟು ಜಾಗ. ಅದಕ್ಕೆ ಕಂಬ ನೆಡುವಾಗ ನಾನು ಅಲ್ಲೇ ಇದ್ದೆ. ನೂಲುಗುಂಡು ಇಟ್ಟು ನೆಟ್ಟಗಿದೆಯೇ ನೋಡಿಕೊಡು ಎಂದು ಭಾವ ಕೇಳಿದ. ನೋಡಿಕೊಟ್ಟೆ.

ಮುಂದಿನ ತಿಂಗಳು ಸಾಹೇಬರು ಬಂದ ದಿನ ಒಲೆ ಮೊದಲ ಕಡ್ಡಿಗೇ ಹತ್ತಿತು. ನೀಲಿ ಉರಿ, ಹೊಗೆಯಿಲ್ಲ, ವಾಸನೆಯಿಲ್ಲ. ಹಾಲು ಉಕ್ಕಿತು. ಅಂಗಳದಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಅತ್ತೆ ಕೈಮುಗಿದು, ನೋಡಿದಿರಾ, ಅವಳ ಕೈ ತಪ್ಪಿಸಿದ ಮೇಲೆ ಹೇಗೆ ಉರಿಯುತ್ತಿದೆ ಎಂದರು. ಯಾರೂ ಇಲ್ಲವೆನ್ನಲಿಲ್ಲ. ಇಲ್ಲವೆನ್ನಲು ಏನಿತ್ತು? ಎಲ್ಲರ ಕಣ್ಣ ಮುಂದೆ ಉರಿಯುತ್ತಿತ್ತು. ನಾನು ಎಷ್ಟು ಚೆನ್ನಾಗಿ ಗಿಲಾವು ಮಾಡಿಸಿದ್ದೆನೋ ಅಷ್ಟೇ ಗಟ್ಟಿಯಾಗಿ ಅಕ್ಕನ ಮೇಲಿನ ತಪ್ಪು ಸಾಬೀತಾಗಿತ್ತು. ಸಾಹೇಬರು ಅಲ್ಲೇ ಜಗುಲಿಯ ಮೇಲೆ ಕೂತು ನನ್ನ ಪುಸ್ತಕಕ್ಕೆ ಸಹಿ ಹಾಕಿದರು.

ಅದಾದ ಹದಿನೈದು ದಿನಕ್ಕೆ ಅಕ್ಕನನ್ನು ನೋಡಲು ಹೋದೆ. ಅತ್ತೆ ಹೊಲಕ್ಕೆ ಹೋಗಿದ್ದರು. ಅಕ್ಕ ಹೊಸ ಒಲೆಯ ಮೇಲೆ ಮುದ್ದೆ ಕೂಡಿಸುತ್ತಿದ್ದಳು. ನನ್ನನ್ನು ಎದುರಿಗೆ ಕೂರಿಸಿಕೊಂಡು, ಕೋಲಿನಿಂದ ತಿರುವುತ್ತ, ಬಹಳ ದಿನದಿಂದ ಒಂದು ಮಾತು ಹೇಳಬೇಕಿತ್ತು ಎಂದಳು.

"ನನ್ನಿಂದ ನಿನ್ ಕೆಲ್ಸ ಓಗ್ತಿತ್ತು ಕಣ್ಲಾ. ನಂಗೆ ಗೊತ್ತಾಗ್ದೆ ಮಾಡಿದ್ದು. ಮನ್ಸಿನಾಗೆ ಇಟ್ಕಾಬ್ಯಾಡ."

ಅವಳು ನನ್ನ ಕ್ಷಮೆ ಕೇಳುತ್ತಿದ್ದಳು. ಅವಳೂ ಅದನ್ನು ನಂಬಿದ್ದಳು. ಆಗ ಹೇಳಿದೆ. ಅಲ್ಲಕ್ಕಾ, ಮರಳು ಕೆಟ್ಟದ್ದಿತ್ತು, ಭಾವ ತಂದದ್ದು ಗುಡ್ಡದ ಮರಳು, ಮೇಸ್ತ್ರಿ ಬೇಡ ಅಂದರು, ನಾನೇ ಹಾಕಿ ಅಂದೆ. ಇಷ್ಟು ಹೇಳಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಅವಳು ಕೋಲು ನಿಲ್ಲಿಸಿದಳು.

"ಅವತ್ತು ಎಲ್ಲಾರ ಮುಂದೆ ಅತ್ತೆ ಅಂದಾಗ್ಲೂ ಗೊತ್ತಿತ್ತಾ ನಿಂಗೆ?"

ಗೊತ್ತಿತ್ತು ಎಂದೆ.

ಅವಳು ಒಲೆಯ ನಲ್ಲಿ ತಿರುಗಿಸಿ ಉರಿ ಸಣ್ಣ ಮಾಡಿದಳು. ಮುದ್ದೆ ಕಟ್ಟಿ ತಟ್ಟೆಗಿಟ್ಟು, ಸಾರು ಬಡಿಸಿ, ನನ್ನ ಮುಂದೆ ತಳ್ಳಿದಳು. ಆಮೇಲೆ ಹೇಳಿದಳು.

"ಇನ್ಯಾರ್ಗೂ ಏಳ್ಬ್ಯಾಡ. ಮರಳು ತಂದೋರು ಇವ್ರು. ಊರೆಲ್ಲಾ ಎಲ್ಡು ಸಲ ಸಗಣಿ ಒತ್ತವ್ರೆ. ಇವ್ರು ತಲೆ ಎತ್ಕೊಂಡು ತಿರುಗೋದು ಬ್ಯಾಡ್ವಾ?"

ಆ ಮಾತು ಕೇಳಿ ನನಗೆ ನಿರಾಳವಾಯಿತು. ಎಷ್ಟೋ ತಿಂಗಳಿನಿಂದ ಏನೂ ಅನ್ನಿಸದೆ ಇದ್ದವನಿಗೆ ಅನ್ನಿಸಿದ ಮೊದಲನೆಯದು ಅದು. ನೋವಲ್ಲ, ನಾಚಿಕೆಯಲ್ಲ. ಬಚಾವಾದೆ ಎನ್ನುವ ಹಗುರ. ಹಸಿವಾಗಿದೆ ಎಂದು ಗೊತ್ತಾಯಿತು, ಎರಡು ಮುದ್ದೆ ಉಂಡೆ. ಅಕ್ಕ ಬಡಿಸುತ್ತಲೇ ಇದ್ದಳು. ಆ ಊಟದ ರುಚಿ ಈಗಲೂ ಬಾಯಲ್ಲಿದೆ, ಅದಕ್ಕಾಗಿ ನನ್ನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಆ ಊರಿನಲ್ಲಿ ಆಮೇಲೆ ಆರು ಪ್ಲಾಂಟು ಕಟ್ಟಿಸಿದೆ, ಎಲ್ಲವೂ ಉರಿದವು. ಕೆಲಸ ಕಾಯಂ ಆಯಿತು. ಅಕ್ಕನಿಗೆ ಒಬ್ಬ ಮಗಳು ಹುಟ್ಟಿದಳು. ತೊಂಬತ್ತರ ದಶಕದ ಕೊನೆಯಲ್ಲಿ ಒಂದು ದಿನ ನಾನು ಅಲ್ಲಿಗೆ ಹೋದಾಗ, ಮೈನೆರೆದು ಕೆಲವು ತಿಂಗಳಾಗಿದ್ದ ಆ ಹುಡುಗಿ ಹಿತ್ತಲಿನ ಮಾಡಿನಲ್ಲಿ ಪುಸ್ತಕ ಹಿಡಿದು ಕೂತಿದ್ದಳು. ಶಾಲೆಯಲ್ಲಿ ವಿಜ್ಞಾನ ಚೆನ್ನಾಗಿ ಓದುವ ಹುಡುಗಿ. ತೊಟ್ಟಿಯಲ್ಲಿ ಸಗಣಿ ಗಟ್ಟಿಯಾಗಿದೆ, ನಾನು ಒಂದು ಚೊಂಬು ನೀರು ಹಾಕಿದರೆ ಏನಾಗುತ್ತೆ ಎಂದು ಅಲ್ಲಿಂದಲೇ ತಾಯಿಯನ್ನು ಕೇಳಿದಳು. ಮುದುಕಿಯಾಗಿದ್ದ ಅತ್ತೆ ಜಗುಲಿಯಲ್ಲಿ ಕೂತು ಕಿವಿಗೊಟ್ಟಿದ್ದರು. ಭಾವ ನನ್ನ ಪಕ್ಕದಲ್ಲಿದ್ದ.

ಅಕ್ಕ ಅಕ್ಕಿ ಆರಿಸುತ್ತಿದ್ದ ಮೊರದಿಂದ ತಲೆ ಎತ್ತಲಿಲ್ಲ.

"ಮುಟ್ಬ್ಯಾಡ. ನಾನು ಒಂದ್ಸಲ ಮುಟ್ಟಿ ಗ್ಯಾಸು ನಿಂತೋಗಿತ್ತು. ಬೇಕಾದ್ರೆ ನಿಮ್ ಮಾವನ್ನ ಕೇಳು."

ಹುಡುಗಿ ನನ್ನ ಕಡೆ ತಿರುಗಿದಳು. ನಾನು ಹೌದೆಂದು ತಲೆಯಾಡಿಸಿದೆ.